150 ಡಾಲರ್ ಇದ್ದರೆ ಮೊದಲು ಏನು ಕೊಳ್ಳಬೇಕು?

ನಮ್ಮ ಕಾಲೇಜಿಂದ ಎಂ.ಎಸ್. ಓದೋಕೆ ಅಮೆರಿಕಕ್ಕೆ ಹೋದ ಸೀನಿಯರ್ ಒಬ್ಬರು ಅಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಹಚ್ಚಿಕೊಂಡಿದ್ದಾರೆ. ಕ್ಲಬ್ ಗ್ರೂಪಲ್ಲಿ ಅವರು ಕೇಳಿದ ಪ್ರಶ್ನೆ ಇದು: ಕೈಯಲ್ಲಿ 150 ಡಾಲರ್ ಉಳಿದಿದೆ, ಇರೋ ಸಾಮಾನಿಗೆ ಇನ್ನೇನು ಸೇರಿಸಿದರೆ ಬಿಯರ್ ನಿಜವಾಗಿ ಸುಧಾರಿಸುತ್ತೆ? ಅವರ ಕಣ್ಣು ಇದ್ದದ್ದು ಫಳಫಳ ಹೊಳೆಯೋ ದೊಡ್ಡ ಸ್ಟೀಲ್ ಕೆಟಲ್ ಮೇಲೆ. ಮೆಕ್ಯಾನಿಕಲ್, ಕೆಮಿಕಲ್, ಇ.ಸಿ. ಮೂರೂ ಬ್ರಾಂಚಿನ ನಾವು ಕೂತು ಲೆಕ್ಕ ಹಾಕಿದಾಗ ಉತ್ತರ ಬೇರೆಯೇ ಬಂತು. ಆ ಲೆಕ್ಕ ಇಲ್ಲಿದೆ.

ಮೊದಲೇ ಒಂದು ಮಾತು. ಇದನ್ನ ಓದಿ ಯಾರೂ ಹಾಸ್ಟೆಲ್ ಬಾತ್‌ರೂಮಲ್ಲಿ ಬಕೆಟ್ ಇಟ್ಟು ಕೂರಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆ ಬಳಕೆಗೆ ಅಂದ್ರೂ ಅಷ್ಟೇ. ಅಮೆರಿಕದಲ್ಲೂ ಬಹಳ ಕಾಲ ಹಾಗೇ ಇತ್ತು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. ಅದು ಜಾರಿಗೆ ಬಂದ 1979ರ ಫೆಬ್ರವರಿಯಿಂದ, ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್ ತಯಾರಿಸಬಹುದು, ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತಾ ಬಂದು, ಕೊನೆಗೆ ಉಳಿದಿದ್ದ ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿದ್ದು 2013ರಲ್ಲಿ.

ಕೆಲಸದ ಕ್ರಮ ಹೀಗೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಪುಡಿ ಮಾಡಿ ಸುಮಾರು 66 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆಯಾಗುತ್ತೆ. ಆ ಸಿಹಿ ನೀರಿಗೆ ವರ್ಟ್ ಅಂತಾರೆ. ಅದನ್ನ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ, ಮುಚ್ಚಳಕ್ಕೆ ಏರ್‌ಲಾಕ್ ಇರುವ ಬಕೆಟ್‌ನಲ್ಲಿ ಎರಡು ವಾರ ಬಿಟ್ಟು, ಆಮೇಲೆ ಬಾಟಲಿಗೆ ತುಂಬಿಸೋದು. ಹೊಸಬರು ಮೊದಲ ಹೆಜ್ಜೆ ಬಿಟ್ಟು ನೇರವಾಗಿ ಮಾಲ್ಟ್ ಎಕ್ಸ್‌ಟ್ರಾಕ್ಟ್ ಕರಗಿಸ್ತಾರೆ. ಒಂದು ಸಲಕ್ಕೆ ಸಾಮಾನ್ಯ ಅಳತೆ 5 ಗ್ಯಾಲನ್, ಅಂದರೆ 19 ಲೀಟರ್.

ಇದರಲ್ಲಿ ರುಚಿ ಕೆಡೋಕೆ ಅತಿ ಹೆಚ್ಚು ಅವಕಾಶ ಇರೋದು ಎಲ್ಲಿ? ಯಾರೂ ಕೈ ಹಾಕದ ಆ ಎರಡು ವಾರದಲ್ಲಿ, ಅದರಲ್ಲೂ ಮೊದಲ ಮೂರು ದಿನದಲ್ಲಿ. ದೋಸೆ ಹಿಟ್ಟು ನೆನಪಿಸಿಕೊಳ್ಳಿ. ಅದೇ ಅಕ್ಕಿ, ಅದೇ ಉದ್ದು, ಅದೇ ಗ್ರೈಂಡರ್. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಬೆಳಗಾಗೋ ಹೊತ್ತಿಗೆ ಹುಳಿ ಹುಳಿ, ಡಿಸೆಂಬರ್‌ನಲ್ಲಿ ಮಡಿಕೇರಿಯಲ್ಲಿ ಉಬ್ಬೋದೇ ಇಲ್ಲ. ಆಗ ಯಾರೂ ಗ್ರೈಂಡರ್ ಬದಲಾಯಿಸಲ್ಲ, ಪಾತ್ರೆ ಇಡೋ ಜಾಗ ಬದಲಾಯಿಸ್ತಾರೆ. ಏಲ್ ಎಂಬ ಬಗೆಯ ಬಿಯರ್‌ನ ಯೀಸ್ಟ್‌ಗೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಹಿತ. ಲಾಗರ್‌ಗೆ ಇನ್ನೂ ತಣ್ಣಗೆ, ಸುಮಾರು 10 ಡಿಗ್ರಿ. ಏಲ್ ಯೀಸ್ಟ್‌ಗೆ 25 ದಾಟಿದ ಶಾಖ ಕೊಟ್ಟರೆ ಅದು ಅವಸರದಲ್ಲಿ ಕೆಲಸ ಮಾಡಿ ಎಸ್ಟರ್‌ಗಳನ್ನೂ ಫ್ಯೂಸೆಲ್ ಆಲ್ಕೋಹಾಲ್‌ಗಳನ್ನೂ ಜಾಸ್ತಿ ಮಾಡುತ್ತೆ. ಬಿಯರ್‌ಗೆ ಹಣ್ಣಿನ ವಾಸನೆ, ಕೆಲವೊಮ್ಮೆ ನೇರವಾಗಿ ಪೇಂಟ್ ಥಿನ್ನರ್ ವಾಸನೆ. ಅಷ್ಟು ಹೊತ್ತಿಗೆ ನೀವು ಯಾವ ಕೆಟಲ್‌ನಲ್ಲಿ ಕುದಿಸಿದ್ರಿ ಅನ್ನೋದು ಲೆಕ್ಕಕ್ಕೇ ಬರಲ್ಲ.

ರೂಮಿನ ಉಷ್ಣತೆ 21 ಇದೆ, ಮತ್ತೇನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ, ಯಾಕಂದ್ರೆ ಯೀಸ್ಟ್ ತಾನೇ ಶಾಖ ಹೊರಹಾಕುತ್ತೆ. ಸಾಧಾರಣ ಗಟ್ಟಿಯ 19 ಲೀಟರ್ ವರ್ಟ್‌ನಲ್ಲಿ ಸುಮಾರು 2.5 ಕೆಜಿ ಕರಗಿದ ಮಾಲ್ಟ್ ಅಂಶ ಇರುತ್ತೆ, ಅದರಲ್ಲಿ ಹೆಚ್ಚುಕಡಿಮೆ 1.6 ಕೆಜಿಯನ್ನ ಯೀಸ್ಟ್ ತಿನ್ನುತ್ತೆ. ಒಂದು ಕೆಜಿಗೆ ಸುಮಾರು 580 ಕಿಲೋಜೂಲ್ ಅಂತ ಹಿಡಿದರೆ ಒಟ್ಟು 930 ಕಿಲೋಜೂಲ್ ಶಾಖ. ಇಡೀ ಬಕೆಟನ್ನ ಒಂದು ಡಿಗ್ರಿ ಏರಿಸೋಕೆ ಬೇಕಾಗೋದು ಸುಮಾರು 80 ಕಿಲೋಜೂಲ್. ಅಂದರೆ ಶಾಖ ಎಲ್ಲೂ ಸೋರದೆ ಒಳಗೇ ಉಳಿದಿದ್ದರೆ ಉಷ್ಣತೆ 11-12 ಡಿಗ್ರಿ ಏರಬೇಕಿತ್ತು! ನಿಜದಲ್ಲಿ ಬಕೆಟ್‌ನ ಗೋಡೆಯಿಂದ ಸೋರಿಹೋಗೋದ್ರಿಂದ ರೂಮಿಗಿಂತ 3ರಿಂದ 5 ಡಿಗ್ರಿ ಹೆಚ್ಚಿರುತ್ತೆ. ರೂಮಲ್ಲಿ 21 ಅಂದರೆ ಬಿಯರ್‌ನೊಳಗೆ 25. ಗೋಡೆಯ ಥರ್ಮಾಮೀಟರ್ ನೋಡಿ ನೆಮ್ಮದಿಯಾಗಿ ಇರೋರಿಗೆ ಇದು ಗೊತ್ತೇ ಆಗಲ್ಲ.

ಇದೇ ಲೆಕ್ಕವನ್ನ ಇನ್ನೊಂದು ಕಡೆಯಿಂದ ನೋಡಿದಾಗ ನಮಗೆ ಖುಷಿಯಾಯ್ತು. 930 ಕಿಲೋಜೂಲ್ ಮೂರು ದಿನಕ್ಕೆ ಹಂಚಿದರೆ ಸರಾಸರಿ ಬರೀ ಮೂರೂವರೆ ವ್ಯಾಟ್. ನಮ್ಮ ರೂಮಿನ ಎಲ್‌ಇಡಿ ಬಲ್ಬ್ ಇದಕ್ಕಿಂತ ಜಾಸ್ತಿ ಎಳೆಯುತ್ತೆ. ಇಷ್ಟು ಶಾಖ ತೆಗೆಯೋಕೆ ಅರ್ಧ ಲೀಟರ್‌ಗಿಂತ ಕಡಿಮೆ ನೀರು ಆವಿಯಾದರೆ ಸಾಕು. ಹಾಗಾಗಿ ಅಲ್ಲಿನ ಹವ್ಯಾಸಿಗಳ ಹಳೇ ಉಪಾಯ ಏನೆಂದರೆ, ಬಕೆಟನ್ನ ನೀರು ತುಂಬಿದ ಅಗಲ ಟಬ್‌ನಲ್ಲಿ ಇಟ್ಟು, ಅದಕ್ಕೊಂದು ಹಳೇ ಟೀ-ಶರ್ಟ್ ತೊಡಿಸಿ, ಶರ್ಟಿನ ಅಂಚು ನೀರಲ್ಲಿ ಮುಳುಗಿರೋ ಹಾಗೆ ಮಾಡಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕೋದು. ನಮ್ಮ ಮಣ್ಣಿನ ಮಡಕೆಯ ಸೂತ್ರವೇ ಇದು. ಖರ್ಚು ಹೆಚ್ಚುಕಡಿಮೆ ಸೊನ್ನೆ. ಆದರೆ ಒಣ ಹವೆಯ ಡೆನ್ವರ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತೆ, ಸೆಕೆಯ ಹ್ಯೂಸ್ಟನ್‌ನಲ್ಲಿ ಅಷ್ಟು ನಡೆಯಲ್ಲ. ಕಲಬುರಗಿಯಲ್ಲಿ ಕೆಲಸ ಮಾಡೋ ಏರ್‌ಕೂಲರ್ ಮಂಗಳೂರಲ್ಲಿ ಯಾಕೆ ದಂಡ ಅನ್ನೋದಕ್ಕೂ ಇದೇ ಕಾರಣ: ಒದ್ದೆ ಬಟ್ಟೆ ಗಾಳಿಯ ವೆಟ್-ಬಲ್ಬ್ ಉಷ್ಣತೆಗಿಂತ ಕೆಳಗೆ ಇಳಿಸಲಾರದು.

ದುಡ್ಡು ಖರ್ಚು ಮಾಡೋದಿದ್ದರೆ ಮುಂದಿನ ಹೆಜ್ಜೆ ಹಳೇ ಫ್ರಿಜ್ ಮತ್ತು ಒಂದು ಟೆಂಪರೇಚರ್ ಕಂಟ್ರೋಲರ್. ಇಂಕ್‌ಬರ್ಡ್‌ನಂಥ ಕಂಪನಿಗಳ ಪ್ಲಗ್ ಹಾಕಿ ಬಳಸೋ ಕಂಟ್ರೋಲರ್ 30-40 ಡಾಲರ್‌ಗೆ ಬರುತ್ತೆ. ಫ್ರಿಜ್ ಸೆಕೆಂಡ್ ಹ್ಯಾಂಡ್ ಸಾಕು, ಚೌಕಾಸಿ ಮಾಡೋರಿಗೆ 150 ಡಾಲರ್‌ನಲ್ಲೇ ಎರಡೂ ಮುಗಿಯಬಹುದು. ನಮ್ಮಲ್ಲಿ ಇ.ಸಿ. ಹುಡುಗರು ತಕ್ಷಣ ಆರ್ಡುಯಿನೋ, ಪಿಐಡಿ ಅಂತ ಕುಣಿದರು. ಬೇಡ. ಯೀಸ್ಟ್ ಜೋರಾಗಿ ಕೆಲಸ ಮಾಡೋ ಹೊತ್ತಲ್ಲಿ 10 ವ್ಯಾಟ್ ಶಾಖ ಬರುತ್ತೆ ಅಂತಿಟ್ಟುಕೊಂಡರೂ 19 ಲೀಟರ್‌ನ ಉಷ್ಣತೆ ಗಂಟೆಗೆ ಅರ್ಧ ಡಿಗ್ರಿಯೂ ಏರಲ್ಲ. ಇಷ್ಟು ನಿಧಾನವಾದ ಸಿಸ್ಟಮ್‌ಗೆ ಸಾದಾ ಆನ್-ಆಫ್ ಕಂಟ್ರೋಲ್ ಧಾರಾಳ ಸಾಕು. ಹೆಚ್ಚುಕಡಿಮೆ ಅರ್ಧ ಡಿಗ್ರಿ ಹಿಸ್ಟರಿಸಿಸ್ ಇಟ್ಟು, ಕಂಪ್ರೆಸರ್ ನಿಂತ ಮೇಲೆ ಮತ್ತೆ ಶುರುವಾಗೋಕೆ ಕೆಲವು ನಿಮಿಷದ ವಿಳಂಬ ಕೊಟ್ಟರೆ ಆಯ್ತು.

ಇದರಲ್ಲಿ ನಿಜವಾಗಿ ಮುಖ್ಯವಾದದ್ದು ಸೆನ್ಸರ್ ಎಲ್ಲಿ ಇಡ್ತೀರಿ ಅನ್ನೋದು. ಫ್ರಿಜ್‌ನ ಗಾಳಿಯಲ್ಲಿ ನೇತುಹಾಕಿದರೆ ಅದು ಗಾಳಿಯನ್ನ ನಿಯಂತ್ರಿಸುತ್ತೆ, ಬಿಯರನ್ನಲ್ಲ. ಗಾಳಿಗೆ ಥರ್ಮಲ್ ಮಾಸ್ ಕಡಿಮೆ, ಬೇಗ ತಣ್ಣಗಾಗುತ್ತೆ, ಬೇಗ ಬಿಸಿಯಾಗುತ್ತೆ. ಕಂಪ್ರೆಸರ್ ಪದೇ ಪದೇ ಆನ್-ಆಫ್ ಆಗಿ ಸವೆಯುತ್ತೆ, ಅಷ್ಟರಲ್ಲಿ ಬಕೆಟ್ ಒಳಗೆ ಬಿಯರ್ ಆರಾಮಾಗಿ ಮೂರು ಡಿಗ್ರಿ ಮೇಲೆ ಕೂತಿರುತ್ತೆ. ಸೆನ್ಸರನ್ನ ಬಕೆಟ್‌ನ ಹೊರಮೈಗೆ ಟೇಪ್ ಹಾಕಿ ಅಂಟಿಸಿ, ಮೇಲೆ ಸ್ಪಾಂಜ್ ಅಥವಾ ಮಡಿಸಿದ ಬಟ್ಟೆ ಮುಚ್ಚಿ. ಆಗ ಅದು ಬಿಯರ್‌ನ ಉಷ್ಣತೆಗೆ ಹತ್ತಿರದ ಸಂಖ್ಯೆ ತೋರಿಸುತ್ತೆ. ಬಟ್ಟೆಯ ತುಂಡಿಗೆ ದುಡ್ಡಿಲ್ಲ, ಅದನ್ನ ಬಿಟ್ಟರೆ 40 ಡಾಲರ್‌ನ ಕಂಟ್ರೋಲರ್‌ಗೂ ಬೆಲೆಯಿಲ್ಲ.

ಈಗ ಕೆಟಲ್. ಹೊಸಬರು 10-12 ಲೀಟರ್ ಗಟ್ಟಿ ವರ್ಟ್ ಕುದಿಸಿ ಆಮೇಲೆ ನೀರು ಸೇರಿಸಿ 19 ಮಾಡ್ತಾರೆ. ಪೂರ್ತಿಯನ್ನ ಒಟ್ಟಿಗೆ ಕುದಿಸಿದರೆ ಬಣ್ಣ ತಿಳಿಯಾಗುತ್ತೆ, ಹಾಪ್ಸ್‌ನ ಕಹಿ ಚೆನ್ನಾಗಿ ಇಳಿಯುತ್ತೆ, ಅದು ನಿಜ. ಆದರೆ ಆವಿಯಾಗೋದನ್ನೂ ಸೇರಿಸಿ 25 ಲೀಟರ್‌ನಿಂದ ಶುರು ಮಾಡಬೇಕು. 20 ಡಿಗ್ರಿಯಿಂದ 100ಕ್ಕೆ ತರೋಕೆ ಸುಮಾರು 8,400 ಕಿಲೋಜೂಲ್. ಅಡುಗೆಮನೆಯ ಒಲೆಯಿಂದ ಪಾತ್ರೆಗೆ 2 ಕಿಲೋವ್ಯಾಟ್ ತಲುಪುತ್ತೆ ಅಂದರೂ 70 ನಿಮಿಷ ಬರೀ ಕಾಯೋದು. ಮುಂದೆ ಗಂಟೆಗೆ 4 ಲೀಟರ್ ಆವಿಯಾಗುವಷ್ಟು ಕುದಿಸೋಕೆ ಎರಡೂವರೆ ಕಿಲೋವ್ಯಾಟ್ ಬೇಕು, ಅಂದರೆ ಆ ಒಲೆಯಲ್ಲಿ ಕುದಿ ನಿಲ್ಲೋದೇ ಇಲ್ಲ. ಹಾಗಾಗಿ ಕೆಟಲ್ ಕೊಂಡರೆ ಹೊರಗಡೆ ಇಡೋ ಪ್ರೊಪೇನ್ ಬರ್ನರ್ ಕೊಳ್ಳಬೇಕು. ಅಷ್ಟು ವರ್ಟ್ ಸಿಂಕ್‌ನ ಐಸ್‌ನಲ್ಲಿ ಬೇಗ ತಣಿಯಲ್ಲ, ಹಾಗಾಗಿ ಚಿಲ್ಲರ್ ಕೊಳ್ಳಬೇಕು. ಒಂದು ಪಾತ್ರೆಯ ಬೆಲೆ ಅಂತ ಹೊರಟದ್ದು ಮೂರು ಸಾಮಾನಿನ ಬೆಲೆಯಾಗುತ್ತೆ. ಅಪಾರ್ಟ್‌ಮೆಂಟ್‌ನಲ್ಲಿ ಇರೋ ವಿದ್ಯಾರ್ಥಿಗೆ ಬರ್ನರ್ ಇಡೋ ಜಾಗವೂ ಇರಲ್ಲ.

ಚಿಲ್ಲರ್ ಅಂದರೆ ವರ್ಟ್‌ನಲ್ಲಿ ಮುಳುಗಿಸಿ ಒಳಗೆ ನಲ್ಲಿ ನೀರು ಹರಿಸೋ ಸುರುಳಿ ಕೊಳವೆ. ತಾಮ್ರದ್ದೋ ಸ್ಟೀಲ್‌ನದ್ದೋ ಅಂತ ಜನ ಜಗಳ ಆಡ್ತಾರೆ. ತಾಮ್ರದ ಉಷ್ಣವಾಹಕತೆ ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಸುಮಾರು 25 ಪಟ್ಟು ಜಾಸ್ತಿ ಅನ್ನೋದು ಸರಿ. ಆದರೆ ಕೊಳವೆಯ ಗೋಡೆ ಎಷ್ಟು ತೆಳು ಅಂದರೆ, ತಡೆ ಹೆಚ್ಚಾಗಿ ಇರೋದು ಎರಡೂ ಬದಿಯ ನೀರಿನ ಪದರದಲ್ಲಿ. ವರ್ಟನ್ನ ಸೌಟಿನಿಂದ ಮೆಲ್ಲಗೆ ತಿರುಗಿಸ್ತಾ ಇದ್ದರೆ ಆಗೋ ಲಾಭ ಲೋಹ ಬದಲಾಯಿಸೋದಕ್ಕಿಂತ ದೊಡ್ಡದು. ನೀರಿನ ಕೊರತೆಯಿರೋ ಆಸ್ಟ್ರೇಲಿಯಾದ ಹವ್ಯಾಸಿಗಳಂತೂ ಚಿಲ್ಲರ್ ಗೋಜಿಗೇ ಹೋಗದೆ, ಬಿಸಿ ವರ್ಟನ್ನ ಶಾಖ ತಡೆಯೋ ಪ್ಲಾಸ್ಟಿಕ್ ಕ್ಯಾನ್‌ಗೆ ತುಂಬಿ, ಗಾಳಿ ಹಿಂಡಿ ಮುಚ್ಚಿ, ಮಾರನೇ ದಿನ ಯೀಸ್ಟ್ ಹಾಕ್ತಾರೆ. ಮೂರು ಪಾತ್ರೆಯ ಬದಲು ಒಂದೇ ಪಾತ್ರೆಯಲ್ಲಿ, ತೆಳು ಬಟ್ಟೆ ಚೀಲದೊಳಗೆ ಮಾಲ್ಟ್ ನೆನೆಸೋ ವಿಧಾನವನ್ನ ಬೆಳೆಸಿದ್ದೂ ಅವರೇ. ಕಡಿಮೆ ದುಡ್ಡಿನವರಿಗೆ ನಮ್ಮ ಮೆಚ್ಚುಗೆ ಈ ಚೀಲಕ್ಕೆ.

ಇನ್ನು ಸಣ್ಣಪುಟ್ಟದ್ದು. 10 ಡಾಲರ್ ಆಸುಪಾಸಿನ ಹೈಡ್ರೋಮೀಟರ್ ಇಲ್ಲದಿದ್ದರೆ ಫ್ರಿಜ್‌ಗಿಂತ ಮುಂಚೆ ಅದನ್ನ ಕೊಳ್ಳಬೇಕು. ಆರಂಭದ ಸಾಂದ್ರತೆ 1.050, ಕೊನೆಗೆ 1.010 ಬಂದರೆ ವ್ಯತ್ಯಾಸವನ್ನ 131ರಿಂದ ಗುಣಿಸಿ, ಆಲ್ಕೋಹಾಲ್ ಸುಮಾರು 5.2 ಶೇಕಡ. ಅದಕ್ಕಿಂತ ದೊಡ್ಡ ಉಪಯೋಗ ಸುರಕ್ಷತೆ. ಎರಡು-ಮೂರು ದಿನ ರೀಡಿಂಗ್ ಬದಲಾಗದೆ ನಿಂತ ಮೇಲೇ ಬಾಟಲಿಗೆ ತುಂಬಬೇಕು. ಒಳಗೆ ಸಕ್ಕರೆ ಉಳಿದಿದ್ದರೆ ಕಾರ್ಬನ್ ಡೈಆಕ್ಸೈಡ್ ಒತ್ತಡಕ್ಕೆ ಗಾಜಿನ ಬಾಟಲಿ ಸಿಡಿಯುತ್ತೆ, ಕಣ್ಣು ಹೋಗೋ ಅಪಾಯ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ ಕೂಡ ಬದಲಾಯಿಸಿ, ಗೀರಿನೊಳಗೆ ಕೂತ ಬ್ಯಾಕ್ಟೀರಿಯಾಗೆ ಸ್ಯಾನಿಟೈಸರ್ ತಲುಪಲ್ಲ. ಕೆಗ್, ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಇವೆಲ್ಲ 50 ಬಾಟಲಿ ತೊಳೆಯೋ ಕೆಲಸ ಉಳಿಸ್ತವೆ, ರುಚಿಗೆ ಅಷ್ಟೇನೂ ಸೇರಿಸಲ್ಲ. ಸೋಮಾರಿತನಕ್ಕೆ ಕೊಡೋ ಬೆಲೆ ಅದು, ಕೊಡೋದಿದ್ದರೆ ಆಮೇಲೆ ಕೊಡಲಿ.

ಹಳೇ ಸಾಮಾನಿಂದ ಎಷ್ಟು ದೂರ ಹೋಗಬಹುದು ಅಂತ ಅನುಮಾನ ಇದ್ದರೆ ಕೆನ್ ಗ್ರಾಸ್‌ಮನ್ ಅವರನ್ನ ನೋಡಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಊರಲ್ಲಿ ಮನೆ ಬಿಯರ್ ಸಾಮಾನಿನ ಅಂಗಡಿ ಇಟ್ಟಿದ್ದವರು. 1980ರಲ್ಲಿ ಸಿಯೆರಾ ನೆವಾಡಾ ಬ್ರೂವರಿಯ ಮೊದಲ ಬಿಯರ್ ಮಾಡಿದ್ದು ಡೈರಿಗಳಿಂದ ತಂದ ಹಳೇ ಟ್ಯಾಂಕುಗಳನ್ನ ತಾವೇ ವೆಲ್ಡ್ ಮಾಡಿ ಹೊಂದಿಸಿಕೊಂಡು.

ಕೊನೆಯ ಪ್ರಶ್ನೆ: ದುಡ್ಡು ಹಾಕಿದ ಮೇಲೆ ನಿಜವಾಗಿ ರುಚಿ ಬದಲಾಯ್ತಾ, ಇಲ್ಲಾ ಖರ್ಚು ಮಾಡಿದ ಸಮಾಧಾನಕ್ಕೆ ಹಾಗೆ ಅನಿಸ್ತಿದೆಯಾ? ನಾವು ಓದೋ ಸ್ಟೂಡೆಂಟ್ ಟಿ-ಟೆಸ್ಟ್ ಬಂದದ್ದೇ ಬಿಯರ್ ಕಂಪನಿಯಿಂದ. ಡಬ್ಲಿನ್‌ನ ಗಿನ್ನೆಸ್‌ನಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಗುಪ್ತನಾಮದಲ್ಲಿ ಅದನ್ನ ಪ್ರಕಟಿಸಿದರು. ಇಲ್ಲಿ ಬೇಕಾಗಿರೋದು ಇನ್ನೂ ಸುಲಭದ ತ್ರಿಕೋನ ಪರೀಕ್ಷೆ. ಒಂದೇ ವರ್ಟನ್ನ ಎರಡು ಬಕೆಟ್‌ಗೆ ಹಂಚಿ, ಒಂದನ್ನ ಫ್ರಿಜ್‌ನಲ್ಲಿ 19 ಡಿಗ್ರಿಗೆ, ಇನ್ನೊಂದನ್ನ ರೂಮಿನಲ್ಲಿ ಹಾಗೇ ಬಿಡಬೇಕು. ಆಮೇಲೆ ಪ್ರತಿಯೊಬ್ಬ ಗೆಳೆಯನಿಗೂ ಮೂರು ಗ್ಲಾಸ್: ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಸುಮ್ಮನೆ ಊಹಿಸಿದರೂ 12 ಜನರಲ್ಲಿ 4 ಜನ ಸರಿ ಹೇಳ್ತಾರೆ. 8 ಅಥವಾ ಹೆಚ್ಚು ಜನ ಬರೀ ಅದೃಷ್ಟದಿಂದ ಸರಿ ಹೇಳೋ ಸಾಧ್ಯತೆ ಶೇಕಡ 2ಕ್ಕಿಂತ ಕಡಿಮೆ, ಅಷ್ಟು ಬಂದರೆ ವ್ಯತ್ಯಾಸ ಇದೆ ಅಂತ ನಂಬಬಹುದು. ಗ್ಲಾಸ್ ತುಂಬಿಸಿದವರು ಆ ಕೋಣೆಯಲ್ಲಿ ಇರಬಾರದು, ಮುಖ ನೋಡಿ ಜನ ಕಂಡುಹಿಡಿದುಬಿಡ್ತಾರೆ. ಬಣ್ಣ ಕಾಣದ ಹಾಗೆ ಸ್ಟೀಲ್ ಲೋಟ ಬಳಸಿದರೆ ಇನ್ನೂ ವಾಸಿ.