ರಜೆಯಲ್ಲಿ ನೆಂಟರ ಮನೆಗೆ ಹೋಗುವಾಗ



ಪಾಸ್ಖ ಹಬ್ಬದ ಹಿಂದೆಮುಂದೆ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಬಸ್ ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಣ್ಣುಮಕ್ಕಳು ತವರಿಗೆ, ಮೊಮ್ಮಕ್ಕಳು ಅಜ್ಜಿಯ ಊರಿಗೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು; 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲೂ ಬಂತು. ಹೋಗಿಬರುವುದು ಹಿಂದಿಗಿಂತ ಸುಲಭವಾಗಿದೆ.

ಈ ಸಂತೋಷದ ನಡುವೆ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಮನೆಭೇಟಿಗೆಂದು ಹೋದಾಗ ವಯಸ್ಸಾದ ತಾಯಿಯೊಬ್ಬರು ಹೇಳಿದ್ದು: “ಫಾದರ್, ಮಕ್ಕಳು ಮೊಮ್ಮಕ್ಕಳು ಬರತಾರಂದ್ರ ಜೀವಕ್ಕ ಖುಷಿ ಆಗತೈತ್ರಿ. ಆದರ ಅವರು ಹೋಗೂತನಕ ನನಗ ಬೆನ್ನು ನೆಲಕ್ಕ ಹಚ್ಚಾಕ ಆಗಂಗಿಲ್ಲ.” ದೂರು ಹೇಳುವ ಧ್ವನಿ ಅದಲ್ಲ, ನಗುತ್ತಲೇ ಹೇಳಿದರು. ಬೇಸಿಗೆಯಲ್ಲಿ ಅವರ ಊರಿನಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ. ಹತ್ತು ಜನ ಮನೆ ತುಂಬಿದರೆ ಕೊಡ ಹೊರುವವರು ಅವರು, ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವವರು ಅವರು. ಬಂದವರು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಮಲಗಿರುತ್ತಾರೆ. ಪಟ್ಟಣದಲ್ಲಿ ದುಡಿದು ದಣಿದವರು, ವಿಶ್ರಾಂತಿ ಬೇಕು ನಿಜ. ಆದರೆ ಒಬ್ಬರ ವಿಶ್ರಾಂತಿ ಇನ್ನೊಬ್ಬರ ಬೆನ್ನಿನ ಮೇಲೆ ಬೀಳಬಹುದೇ?

ನೆಂಟರ ಮನೆಗೆ ಹೋದ ಒಬ್ಬರ ಕಥೆ ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿದೆ. ಮಾತೆ ಮರಿಯಮ್ಮನವರು ಗಲಿಲೇಯದ ನಜರೇತಿನಿಂದ ಹೊರಟು ಯೂದಾಯದ ಗುಡ್ಡಗಾಡಿನ ಊರಿಗೆ ಎಲಿಜಬೇತಮ್ಮನವರನ್ನು ಕಾಣಲು ಹೋದರು. ಆಗ ಬಸ್ಸಿಲ್ಲ, ರೈಲಿಲ್ಲ. ಹಲವು ದಿನಗಳ ಹಾದಿ. ಅವರೂ ಗರ್ಭಿಣಿ. ಆದರೂ ತಡಮಾಡದೆ ಅವಸರದಿಂದ ಹೋದರು ಎಂದು ಲೂಕರು ಬರೆಯುತ್ತಾರೆ. ಹೋದದ್ದು ಮುಪ್ಪಿನಲ್ಲಿ ಬಸುರಿಯಾದ, ಆರು ತಿಂಗಳು ತುಂಬಿದ ಹೆಂಗಸಿನ ಮನೆಗೆ. ಆ ಮನೆಯ ಯಜಮಾನ ಜಕರೀಯನಿಗೆ ಆಗ ಮಾತು ನಿಂತುಹೋಗಿತ್ತು. ಉಪಚಾರ ಮಾಡಿಸಿಕೊಳ್ಳಲು ಯಾರೂ ಆರಿಸಿಕೊಳ್ಳುವ ಮನೆಯಲ್ಲ ಅದು! ಮರಿಯಮ್ಮನವರು ಅಲ್ಲಿ ಸುಮಾರು ಮೂರು ತಿಂಗಳು ಇದ್ದರು. ಏನೇನು ಕೆಲಸ ಮಾಡಿದರೆಂದು ಲೂಕರು ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ, ಬಸುರಿಯಿರುವ ಮನೆಯಲ್ಲಿ ಮೂರು ತಿಂಗಳು ಕಳೆದ ಹೆಣ್ಣುಮಗಳು ಕೈಕಟ್ಟಿ ಕುಳಿತಿರುತ್ತಾಳೆಯೇ ಎಂದು ನಮ್ಮ ತಾಯಂದಿರನ್ನು ಕೇಳಿದರೆ ಸಾಕು. ಹಿಂದೆ ಜುಲೈ 2ರಂದು ಆಚರಿಸುತ್ತಿದ್ದ ಈ ಸಂದರ್ಶನದ ಹಬ್ಬವನ್ನು 1969ರ ಪಂಚಾಂಗ ಸುಧಾರಣೆಯ ನಂತರ ಮೇ 31ಕ್ಕೆ ಇಟ್ಟಿದ್ದಾರೆ. ನಮ್ಮ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಅದು ಬರುತ್ತದೆ.

ಹಾಗಾದರೆ ಹೋದ ಮನೆಯಲ್ಲಿ ನಾವೇನು ಮಾಡಬೇಕು? ದೊಡ್ಡ ಮಾತೇನೂ ಬೇಡ. ಗಂಡಸರು ಎರಡು ಕೊಡ ನೀರು ತರಲಿ. ಸೊಸೆಯರು ಬೆಳಗಿನ ರೊಟ್ಟಿಯ ಕೆಲಸ ತಮ್ಮ ಕೈಗೆ ತೆಗೆದುಕೊಳ್ಳಲಿ, ಮಕ್ಕಳು ಉಂಡ ತಾಟು ತಾವೇ ತೊಳೆಯಲಿ. ಕಿವಿ ಕೇಳಿಸದ ಅಜ್ಜನ ಹತ್ತಿರ ಅರ್ಧ ತಾಸು ಕುಳಿತುಕೊಳ್ಳಿ. ಜಕರೀಯನ ಮನೆಯ ಅತಿಥಿಯೂ ಮಾತನಾಡಲಾಗದ ಮುದುಕನೊಂದಿಗೆ ದಿನ ಕಳೆದವರೇ.

ನಮ್ಮ ಭಾಗದಲ್ಲಿ ಇನ್ನೊಂದು ಬಗೆಯ ಭೇಟಿಯೂ ಇದೆ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆ ನಂಬಿದ ಹೊಲ. ಅಲ್ಲಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋದ ತಂದೆತಾಯಿಯರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟಿರುತ್ತಾರೆ. ಆ ಮಕ್ಕಳಿಗೆ ರಜೆ ಎಂದರೆ ಪ್ರವಾಸವಲ್ಲ, ಅವ್ವ ಅಪ್ಪ ನಾಲ್ಕು ದಿನ ಊರಿಗೆ ಬರುವುದು. ಆ ನಾಲ್ಕು ದಿನಗಳನ್ನು ಸಾಲದ ಲೆಕ್ಕ, ಆಸ್ತಿಯ ಜಗಳ, ಮದ್ಯ ಇವುಗಳಲ್ಲಿ ಕಳೆದ ಮನೆಗಳನ್ನು ನಾನು ಬಲ್ಲೆ. ಮಗು ಬಾಗಿಲಲ್ಲಿ ನಿಂತು ನೋಡುತ್ತಿರುತ್ತದೆ. ಅಣ್ಣತಮ್ಮಂದಿರ ಲೆಕ್ಕ ಇತ್ಯರ್ಥವಾಗಬೇಕಾದದ್ದೇ. ಆದರೆ ಮಕ್ಕಳು ಮಲಗಿದ ಮೇಲೆ ಆಗಲಿ.

ಸುತ್ತಾಡಲು ಹೋಗಬಾರದೇ? ಖಂಡಿತ ಹೋಗಿ. ಆನೆಗೊಂದಿಯ ಹೊಳೆದಂಡೆ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಹಿರೇಬೆಣಕಲ್ ಗುಡ್ಡದ ಮೇಲಿನ ಪ್ರಾಚೀನ ಕಲ್ಲಿನ ಸಮಾಧಿಗಳು, ಇವೆಲ್ಲ ನಮ್ಮ ಮನೆಯಂಗಳದಲ್ಲೇ ಇವೆ. ಹಂಪೆ ನೋಡಿದವರು ನಮ್ಮಲ್ಲಿ ಬಹಳ. ಪಕ್ಕದ ರಾಯಚೂರು ಜಿಲ್ಲೆಯ ಮುದಗಲ್ ನೋಡಿದವರು ಕಡಿಮೆ. ವಿಜಾಪುರದ ಆದಿಲ್‌ಶಾಹಿ ಸುಲ್ತಾನರ ಕಾಲದಿಂದ ಅಲ್ಲಿ ಕಥೋಲಿಕ ಕುಟುಂಬಗಳಿವೆ. ಕೋಟೆ ನೋಡಿ, ದೇವಾಲಯದಲ್ಲಿ ಮೊಣಕಾಲೂರಿ ಬನ್ನಿ. ಜೀಪಿನಲ್ಲಿ ಒಂದು ಸೀಟು ಅಜ್ಜಿಗೂ ಇರಲಿ. ಎಲ್ಲರೂ ಸುತ್ತಲು ಹೋಗಿ, ಅಡುಗೆ ಮಾಡಿ ಕಾಯಲು ಅವರೊಬ್ಬರನ್ನೇ ಬಿಟ್ಟುಹೋಗುವುದು ಯಾವ ನ್ಯಾಯ? ವಿಶ್ವಗುರು ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ಗೊತ್ತುಮಾಡಿದರು. ನಾವು ಅದಕ್ಕಾಗಿ ಜುಲೈವರೆಗೆ ಕಾಯಬೇಕಾಗಿಲ್ಲ.

ಕೊನೆಗೆ, ಅನೇಕರು ಕೇಳುವ ಪ್ರಶ್ನೆ: “ಊರಿಗೆ ಹೋದಾಗ ಭಾನುವಾರದ ಪೂಜೆಯ ಗತಿಯೇನು ಫಾದರ್?” ನಮ್ಮ ಧರ್ಮಕೇಂದ್ರದಲ್ಲೇ ಪೂಜೆ ಕೇಳಬೇಕೆಂಬ ನಿಯಮವಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ನಿಯಮದಂತೆ ಕಥೋಲಿಕ ವಿಧಿಯಲ್ಲಿ ಎಲ್ಲಿ ಬಲಿಪೂಜೆ ನಡೆದರೂ, ಆ ದಿನವಾಗಲಿ ಹಿಂದಿನ ಸಂಜೆಯಾಗಲಿ, ಭಾಗವಹಿಸಬಹುದು. ಆದ್ದರಿಂದ ಹೊರಡುವ ಮೊದಲೇ ಹತ್ತಿರದ ದೇವಾಲಯದ ಪೂಜೆಯ ವೇಳೆ ವಿಚಾರಿಸಿಕೊಳ್ಳಿ. ಗುರುಗಳೇ ಇಲ್ಲದ ದೂರದ ಹಳ್ಳಿಯಾದರೆ, ಮನೆಮಂದಿಯೆಲ್ಲ ಸೇರಿ, ಸಾಧ್ಯವಾದರೆ ನೆರೆಯ ಕುಟುಂಬಗಳನ್ನೂ ಕರೆದು, ಸಾಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಬೇಕೆಂದು ಅದೇ ನಿಯಮ ಒತ್ತಿ ಹೇಳುತ್ತದೆ. ಪಡಸಾಲೆಯಲ್ಲಿ ಚಾಪೆ ಹಾಸಿ. ಆ ಭಾನುವಾರದ ಶುಭಸಂದೇಶವನ್ನು ಮೊಮ್ಮಗ ಓದಲಿ; ಜಪಸರವನ್ನು ಅಜ್ಜಿಯೇ ಆರಂಭಿಸಲಿ.