ಸ್ನಾಯುವಿಗೆ ತಳ್ಳೋದು ಗೊತ್ತಿಲ್ಲ

ಹೈಡ್ರಾಲಿಕ್ ಸಿಲಿಂಡರ್ ತಳ್ಳುತ್ತೆ, ಎಳೆಯುತ್ತೆ. ನಮ್ಮ ಮೂಳೆಗಳಿಗೆ ಅಂಟಿರುವ ಸ್ನಾಯುಗಳಿಗೆ ಎಳೆಯೋದೊಂದೇ ಗೊತ್ತು. ಅದಕ್ಕೇ ಅವು ಕೀಲಿನ ಆಚೆ ಈಚೆ ಜೋಡಿಯಾಗಿರುತ್ತವೆ. ತೋಳಿನ ಮುಂದಿರುವ ಬೈಸೆಪ್ಸ್ ಎಳೆದರೆ ಮೊಣಕೈ ಮಡಚುತ್ತದೆ, ಹಿಂದಿರುವ ಟ್ರೈಸೆಪ್ಸ್ ಎಳೆದರೆ ನೆಟ್ಟಗಾಗುತ್ತದೆ. ಕೆಟ್ಟು ನಿಂತ ಬೈಕ್ ತಳ್ಳುವಾಗಲೂ ಒಳಗೆ ನಡೆಯೋದು ಎಳೆತವೇ.

ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪಿದೆಯಾ? ಮೊಣಕೈಯನ್ನು ತಿರುಗುಬಿಂದು ಅಂದುಕೊಳ್ಳಿ. ಬೈಸೆಪ್ಸ್ ಮೂಳೆಗೆ ಅಂಟುವುದು ಅಲ್ಲಿಂದ ಸುಮಾರು 4 ಸೆಂ.ಮೀ. ದೂರದಲ್ಲಿ, ಅಂಗೈ ಇರುವುದು ಸುಮಾರು 32 ಸೆಂ.ಮೀ. ದೂರದಲ್ಲಿ. ಮುಂಗೈ ಅಡ್ಡಕ್ಕಿಟ್ಟು 5 ಕೆ.ಜಿ. ಡಂಬೆಲ್ ಹಿಡಿದರೆ, ಬೈಸೆಪ್ಸ್ ಒಂದೇ ಹೊರುತ್ತದೆ ಅಂತಿಟ್ಟುಕೊಂಡರೂ, ಅದು 40 ಕೆ.ಜಿ. ತೂಕದಷ್ಟು ಎಳೆಯಬೇಕು. ಕೆಟ್ಟ ಡಿಸೈನ್ ಅನಿಸುತ್ತಾ? ಆದರೆ ಸ್ನಾಯು 1 ಸೆಂ.ಮೀ. ಕುಗ್ಗಿದರೆ ಅಂಗೈ 8 ಸೆಂ.ಮೀ. ಓಡುತ್ತದೆ. ಬಲ ಕೊಟ್ಟು ವೇಗ ಕೊಂಡುಕೊಂಡಿದ್ದೇವೆ, ಅಷ್ಟೇ.

ಸ್ನಾಯುವನ್ನು ಬಿಡಿಸುತ್ತಾ ಹೋದರೆ ಕಂತೆ, ಕಂತೆಯೊಳಗೆ ಎಳೆ, ಎಳೆಯೊಳಗೆ ಇನ್ನೂ ಸಣ್ಣ ಎಳೆ. ಕೊನೆಗೆ ಸಿಗೋದು ಸಾರ್ಕೊಮಿಯರ್, ಉದ್ದ ಎರಡು ಮೈಕ್ರಾನಿಗಿಂತ ತುಸು ಹೆಚ್ಚು. ಇದರಲ್ಲಿ ದಪ್ಪನೆಯ ಮಯೋಸಿನ್ ತಂತುಗಳ ನಡುವೆ ತೆಳ್ಳನೆಯ ಆಕ್ಟಿನ್ ತಂತುಗಳು ತೂರಿಕೊಂಡಿರುತ್ತವೆ. ನರದಿಂದ ಸಂದೇಶ ಬಂದೊಡನೆ ಕ್ಯಾಲ್ಸಿಯಂ ಹೊರಬೀಳುತ್ತದೆ. ಆಗ ಮಯೋಸಿನ್‌ನ ಪುಟ್ಟ ತಲೆಗಳು ಹಗ್ಗಜಗ್ಗಾಟದ ಕೈಗಳ ಹಾಗೆ ಆಕ್ಟಿನ್ ಹಿಡಿದು ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತವೆ. ತಂತುಗಳು ಗಿಡ್ಡವಾಗಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. 1954ರಲ್ಲಿ ಇದನ್ನು ಎರಡು ತಂಡಗಳು ಬೇರೆಬೇರೆಯಾಗಿ ಪ್ರಕಟಿಸಿದವು: ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ. ಹಕ್ಸ್‌ಲಿಗಳಿಬ್ಬರೂ ನೆಂಟರಲ್ಲ!

ನನಗೆ ತುಂಬಾ ಹಿಡಿಸಿದ್ದು ಇದು: ಹಿಡಿದ ಕೈ ಬಿಡೋದಕ್ಕೂ ಎಟಿಪಿ ಬೇಕು. ಸತ್ತ ಮೇಲೆ ಎಟಿಪಿ ಮುಗಿಯುತ್ತದೆ, ತಲೆಗಳು ಕಚ್ಚಿಕೊಂಡೇ ಉಳಿಯುತ್ತವೆ. ಹೆಣ ಸೆಟೆದುಕೊಳ್ಳುವುದು ಹೀಗೆ.

ಈಗ ನಮ್ಮ ಟ್ರೆಕ್ಕಿಂಗ್ ವಿಷಯ. ಕುಮಾರ ಪರ್ವತ ಹತ್ತುವಾಗ ಏದುಸಿರು, ಆದರೆ ತೊಡೆ ಹಿಡಿದುಕೊಳ್ಳೋದು ಇಳಿದು ಬಂದ ಮಾರನೇ ದಿನ. ಯಾಕೆ? ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಕೆಲಸ ಮಾಡುತ್ತದೆ. ಎಳೆಯುತ್ತಿರುವಾಗಲೇ ಮೈಭಾರ ಅದನ್ನು ಉದ್ದಕ್ಕೆ ಹಿಗ್ಗಿಸುತ್ತದೆ. ಕೆಲವು ಸಾರ್ಕೊಮಿಯರ್‌ಗಳು ಅತಿಯಾಗಿ ಹಿಗ್ಗಿ ಸಣ್ಣಪುಟ್ಟ ಹಾನಿ ಆಗುತ್ತದೆ, ನೋವು 1ರಿಂದ 3 ದಿನದೊಳಗೆ ಏರುತ್ತದೆ. ಜಿಮ್‌ನಲ್ಲಿ ಎಲ್ಲರೂ ಬೈಯುವ ಲ್ಯಾಕ್ಟಿಕ್ ಆಸಿಡ್ ಪಾಪ, ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಸಲ ಅಷ್ಟು ನೋಯಲ್ಲ. ಆದ್ದರಿಂದ ಟ್ರೆಕ್‌ಗೆ ಎರಡು ವಾರ ಮುಂಚಿನಿಂದಲೇ ಹಾಸ್ಟೆಲ್ ಮೆಟ್ಟಿಲು ಇಳಿಯೋದನ್ನು ರೂಢಿ ಮಾಡಿಕೊಳ್ಳಿ, ಲಿಫ್ಟ್ ಹತ್ತೋಕೆ ಇರಲಿ.

ಒಂದು ಮಾತ್ರ ಹುಷಾರು. ತಡೆಯಲಾರದ ನೋವು, ನಿತ್ರಾಣದ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಮಾಮೂಲಿ ಮೈಕೈ ನೋವಲ್ಲ. ಒಡೆದ ಸ್ನಾಯುವಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಏಟು ಕೊಡುತ್ತಿರಬಹುದು. ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಹೋಗಿ.