ಟಿಕೆಟ್ಟು ಫೋನಿನಲ್ಲಿ, ಅಪ್ಪ ಗೇಟಿನಾಚೆ

ಬೇಸ್‌ಬಾಲ್ ಮ್ಯಾಚಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮೊದಲು ಒಂದು ಚೀಟಿ ಬರೆದು ಅವರ ಜೇಬಿಗೆ ಹಾಕಿ. ಸೆಕ್ಷನ್ ನಂಬರು, ಸಾಲು, ಸೀಟು, ನಿಮ್ಮ ಫೋನ್ ನಂಬರು, ಅಷ್ಟೇ. ಅರ್ಧ ನಿಮಿಷದ ಕೆಲಸ. ಅದನ್ನು ಮಾಡದೆ ನಾನು 73 ವರ್ಷದ ಅಪ್ಪನನ್ನು ಗೊತ್ತಿಲ್ಲದ ಊರಿನ ಸ್ಟೇಡಿಯಮ್ಮಿನಲ್ಲಿ ಐವತ್ತು ನಿಮಿಷ ಕಳೆದುಕೊಂಡೆ. ಅಪ್ಪ ಈಗ ಭದ್ರಾವತಿಯಲ್ಲಿ ಈ ಕಥೆಯನ್ನು ಸಿಕ್ಕಿದವರಿಗೆಲ್ಲ ನಗುನಗುತ್ತಾ ಹೇಳುತ್ತಿದ್ದಾರಂತೆ. ನನಗೆ ಇನ್ನೂ ನಗು ಬಂದಿಲ್ಲ.

ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭಾನುವಾರಗಳಲ್ಲಿ ಸ್ಕೋರರ್. ಊರಿನ ಯಾವ ಕ್ರಿಕೆಟ್ ಟೂರ್ನಮೆಂಟ್ ಇರಲಿ, ಶಾಮಿಯಾನದ ಕೆಳಗೆ ಪರೀಕ್ಷೆಯ ಪ್ಯಾಡು, ಚೂಪಾಗಿ ಕೆತ್ತಿದ ಎರಡು ಪೆನ್ಸಿಲು ಇಟ್ಟುಕೊಂಡು ಕೂತವರು ಅವರೇ. ಜಿ. ಆರ್. ವಿಶ್ವನಾಥ್ ಹುಟ್ಟಿದ ಊರಿನವನು ತಾನು ಅನ್ನುವ ಬಿಗುಮಾನ ಬೇರೆ. ಮೂರು ತಿಂಗಳಿಗೆಂದು ಷಿಕಾಗೋದ ನಮ್ಮ ಮನೆಗೆ ಬಂದಾಗ ಮೊದಲ ವಾರವೆಲ್ಲ ಟಿವಿಯಲ್ಲಿ ಬೇಸ್‌ಬಾಲ್ ನೋಡಿ ಮೂಗು ಮುರಿದರು. "ಲಗೋರಿಗೆ ಕೋಟು ಹಾಕಿದ ಹಾಗಿದೆ" ಅಂದರು. ಆಮೇಲೆ ಪತ್ರಿಕೆಯಲ್ಲಿ ಬರುವ ಸ್ಕೋರಿನ ಪಟ್ಟಿ ಕಣ್ಣಿಗೆ ಬಿತ್ತು. ಆ ಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್‌ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಬೇಸ್‌ಬಾಲಿಗೆ ಬರುವ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು ಎಂದು ನಾನು ಹೇಳಿದ್ದೇ ತಡ, "ಹಾಗಾದ್ರೆ ನಮ್ಮವನೇ" ಎಂದು ಕನ್ನಡಕ ಹಾಕಿಕೊಂಡರು.

ಎರಡೇ ದಿನದಲ್ಲಿ ಕಲಿತುಬಿಟ್ಟರು. ಬೌಲರ್ ಅಂದರೆ 1, ಕೀಪರ್ 2, ಹೀಗೆ ಒಂಬತ್ತು ಜಾಗಕ್ಕೆ ಒಂಬತ್ತು ಅಂಕಿ. 6-4-3 ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರು ಎನ್ನುವ ಇಡೀ ಕಥೆ ಬಂತು. ಬ್ಯಾಟು ಬೀಸಿ ಮೂರನೇ ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ ಕೆ. ಬೀಸದೆ ಸುಮ್ಮನೆ ನೋಡುತ್ತಾ ನಿಂತು ಔಟಾದರೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಈ ತಿರುಗಿಸಿದ ಕೆ ಅಪ್ಪನಿಗೆ ಭಾರಿ ಇಷ್ಟವಾಯಿತು. "ಸುಮ್ನೆ ನಿಂತಿದ್ದಕ್ಕೆ ಇದೇ ಶಿಕ್ಷೆ" ಅನ್ನುತ್ತಿದ್ದರು. ಇನ್ನಿಂಗ್ ಎನ್ನಬೇಕು, ಇನ್ನಿಂಗ್ಸ್ ಅಲ್ಲ ಎಂದು ಎಷ್ಟು ತಿದ್ದಿದರೂ ಒಪ್ಪಲಿಲ್ಲ. ಈಗ ನಾನೂ ಇನ್ನಿಂಗ್ಸ್ ಎಂದೇ ಹೇಳುತ್ತೇನೆ.

ದೊಡ್ಡ ಲೀಗಿನ ತಂಡಗಳು 30. ಮೂವತ್ತೂ ಮೈದಾನ ನೋಡಿ ಬಂದವರು ಇಲ್ಲಿ ಕಾಶಿಗೆ ಹೋಗಿ ಬಂದವರ ಹಾಗೆ ಎದೆ ಉಬ್ಬಿಸಿ ಓಡಾಡುತ್ತಾರೆ. ನಮ್ಮದು ಆರು ದಿನಕ್ಕೆ ನಾಲ್ಕು ಮೈದಾನ: ಷಿಕಾಗೋ, ಮಿಲ್ವಾಕೀ, ಆಮೇಲೆ ಒಂದು ಊರು, ಕೊನೆಗೆ ಪಿಟ್ಸ್‌ಬರ್ಗ್. ಆ ಮೂರನೆಯ ಊರಿನ ಹೆಸರು ಹೇಳುವುದಿಲ್ಲ. ಯಜಮಾನರಿಗೆ ರಜೆ ಸಿಗಲಿಲ್ಲ, ಅಮ್ಮ ಮಂಡಿನೋವೆಂದು ಊರಿನಿಂದ ಬಂದೇ ಇರಲಿಲ್ಲ. ಹೊರಟದ್ದು ಅಪ್ಪ, ನಾನು ಇಬ್ಬರೇ. ಟಿಕೆಟ್ಟುಗಳನ್ನೆಲ್ಲ ಮೈದುನ ತನ್ನ ಅಕೌಂಟಿನಿಂದ ತೆಗೆದು ನನ್ನ ಫೋನಿಗೆ ಕಳಿಸಿದ. ಅಪ್ಪನದನ್ನಾದರೂ ಪ್ರಿಂಟ್ ಹಾಕಿಸಿಕೊಡು ಮಾರಾಯ ಅಂದೆ. "ಅತ್ತಿಗೆ, ಈಗ ಯಾರು ಪೇಪರ್ ಇಟ್ಕೋತಾರೆ, ಎಲ್ಲಾ ಫೋನಲ್ಲೇ" ಎಂದು ನಕ್ಕ. ಅವನು ಹೇಳಿದ್ದು ನಿಜವೇ, ಗೇಟಿನಲ್ಲಿ ಪೇಪರ್ ಟಿಕೆಟ್ ನಡೆಯುವುದೇ ಇಲ್ಲ. ಆದರೂ ಆ ನಗುವನ್ನು ನಾನು ಮರೆತಿಲ್ಲ. ಅಪ್ಪನಿಗೆ ಒಂದು ಇಲ್ಲಿನ ಸಿಮ್ ಕೊಡಿಸು ಎಂದು ಯಜಮಾನರು ಹೇಳಿದ್ದರು. ಮೂರು ತಿಂಗಳಿಗೆ ಯಾಕೆ ದಂಡ, ವೈಫೈ ಇದೆಯಲ್ಲ ಎಂದವಳು ನಾನು. ಇದನ್ನು ಮಾತ್ರ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಷಿಕಾಗೋದ ರಿಗ್ಲಿ ಫೀಲ್ಡ್ 1914ರಲ್ಲಿ ಶುರುವಾದದ್ದು. ಬೌಂಡರಿ ಗೋಡೆಯ ತುಂಬ ಹಸಿರು ಬಳ್ಳಿ, 1937ರಲ್ಲಿ ನೆಟ್ಟದ್ದಂತೆ. ಚೆಂಡು ಆ ಬಳ್ಳಿಯೊಳಗೆ ಸಿಕ್ಕಿಹಾಕಿಕೊಂಡರೆ ಫೀಲ್ಡರ್ ಕೈ ಎರಡೂ ಮೇಲೆತ್ತುತ್ತಾನೆ, ಬ್ಯಾಟ್ಸ್‌ಮನ್‌ಗೆ ಎರಡು ಬೇಸ್ ಕೊಡುತ್ತಾರೆ. ಸ್ಕೋರ್‌ಬೋರ್ಡಿನ ಅಂಕಿಗಳನ್ನು ಈಗಲೂ ಒಳಗೆ ಕೂತ ಮನುಷ್ಯರು ಕೈಯಿಂದಲೇ ಬದಲಿಸುತ್ತಾರೆ. ಅಪ್ಪ ಆಟಕ್ಕಿಂತ ಹೆಚ್ಚು ಆ ಬೋರ್ಡನ್ನೇ ನೋಡಿದರು. ಒಂದು ನೀಲಿ ಟೋಪಿ ಕೊಡಿಸಿದೆ. ಈ ಟೋಪಿಯನ್ನು ನೆನಪಿಟ್ಟುಕೊಳ್ಳಿ.

ಮಿಲ್ವಾಕೀಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಬೀಸಣಿಗೆಯ ಹಾಗೆ ತೆರೆದು ಮುಚ್ಚುವ ಚಾವಣಿ, ಕಾರ್ ಪಾರ್ಕಿಂಗಿನಲ್ಲೇ ಒಲೆ ಹೂಡಿ ಮಾಂಸ ಸುಡುತ್ತಾ ಕೂತ ಸಂಸಾರಗಳು, ಆರನೇ ಇನ್ನಿಂಗ್ಸಿನಲ್ಲಿ ಸಾಸೇಜಿನ ವೇಷ ಹಾಕಿಕೊಂಡ ಐದು ಜನರ ಓಟ. ಅಪ್ಪ ಶುದ್ಧ ಸಸ್ಯಾಹಾರಿ. ಆದರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ತಿನ್ನಲು ಸಿಕ್ಕಿದ್ದು ಸಿಪ್ಪೆ ಕಡಲೆಕಾಯಿ, ಆಲೂಗಡ್ಡೆ ಫ್ರೈಸು. ಚಿತ್ರಾನ್ನ ಕಟ್ಟಿಕೊಂಡು ಹೋಗುವ ಆಸೆ ಇದ್ದರೆ ಆಯಾ ಮೈದಾನದ ನಿಯಮ ಮೊದಲೇ ಓದಿಕೊಳ್ಳಿ. ಒಂದು ಕಡೆ ಬಿಡುತ್ತಾರೆ, ಇನ್ನೊಂದು ಕಡೆ ಬ್ಯಾಗನ್ನೇ ಬಿಡುವುದಿಲ್ಲ.

ಈಗ ಮೂರನೆಯ ಊರು.

ಮಧ್ಯಾಹ್ನ ಒಂದಕ್ಕೆ ಮನೆ ಬಿಟ್ಟೆವು. ನಾಲ್ಕೂವರೆ ಗಂಟೆಯ ದಾರಿ, 6.40ಕ್ಕೆ ಆಟ. ನನ್ನ ಲೆಕ್ಕದಲ್ಲಿ ಒಂದು ಗಂಟೆಗೂ ಹೆಚ್ಚು ಬಿಡುವು. ಫೋನಿನ ನಕ್ಷೆ 6.30ಕ್ಕೆ ತಲುಪುತ್ತೀರಿ ಎಂದು ತೋರಿಸುತ್ತಲೇ ಇತ್ತು. ದಾರಿಯಲ್ಲೆಲ್ಲೋ ರಿಪೇರಿ ಇರಬೇಕೆಂದು ಇನ್ನೂ ಜೋರಾಗಿ ಹೊಡೆದೆ. ಮಧ್ಯೆ ಕಾಫಿಗೆ ನಿಲ್ಲಿಸಿದೆ ಬೇರೆ. ಷಿಕಾಗೋದಿಂದ ಪೂರ್ವಕ್ಕೆ ಹೋದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ! ಹನ್ನೆರಡು ವರ್ಷದಿಂದ ಈ ದೇಶದಲ್ಲಿರುವವಳಿಗೆ ಇದು ಹೊಳೆಯಲಿಲ್ಲ. ಕಾರಿನ ಗಡಿಯಾರವನ್ನು ನೆಚ್ಚಿಕೊಂಡಿದ್ದೆ, ಅದು ಷಿಕಾಗೋ ಕಾಲದಲ್ಲೇ ಇತ್ತು.

ಸೀಟಿಗೆ ಬಂದು ಕೂರುವಷ್ಟರಲ್ಲಿ ಮೂರನೇ ಇನ್ನಿಂಗ್ಸ್. ಮೊದಲಾದರೆ ಇವರ ಆಟ ಮೂರು ಗಂಟೆ ದಾಟುತ್ತಿತ್ತು. 2023ರಲ್ಲಿ ಬೌಲರಿಗೆ ಗಡಿಯಾರ ಇಟ್ಟ ಮೇಲೆ, ಬೇಸಿನಲ್ಲಿ ಯಾರೂ ಇಲ್ಲದಿದ್ದರೆ ಹದಿನೈದು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು, ಆಟ ದಡದಡ ಓಡುತ್ತದೆ. ತಡವಾಗಿ ಬಂದವರಿಗೆ ದಯೆ ಇಲ್ಲ. ಅಪ್ಪ ಮಾತಾಡಲಿಲ್ಲ. ಮೊದಲ ಚೆಂಡು ನೋಡದ ಸ್ಕೋರರ್, ತಾಳಿ ಕಟ್ಟಿದ ಮೇಲೆ ಬಂದ ಪುರೋಹಿತ. ಹಾಳೆಯ ಮೊದಲ ಎರಡು ಅಂಕಣ ಖಾಲಿ ಬಿಟ್ಟು ಮೂರನೆಯದರಿಂದ ಬರೆಯತೊಡಗಿದರು. ಸಮಾಧಾನ ಮಾಡೋಣ ಎಂದು ಐದನೇ ಇನ್ನಿಂಗ್ಸಿನ ಹೊತ್ತಿಗೆ, "ಅಪ್ಪಾ, ಫ್ರೈಸ್ ತರ್ತೀನಿ, ಇಲ್ಲೇ ಕೂತಿರಿ" ಅಂದೆ. "ಹೂಂ" ಅಂದರು, ತಲೆ ಎತ್ತದೆ.

ಕ್ಯೂ ಉದ್ದವಿತ್ತು. ಕಾಗದದ ದೋಣಿಯಲ್ಲಿ ಫ್ರೈಸ್ ಹಿಡಿದು ವಾಪಸು ಬಂದರೆ ಸೀಟು ಖಾಲಿ. ಪ್ಯಾಡೂ ಇಲ್ಲ. ಬಚ್ಚಲಿಗೆ ಹೋಗಿರಬೇಕು ಎಂದು ಕೂತೆ. ಹತ್ತು ನಿಮಿಷ. ಫ್ರೈಸ್ ತಣ್ಣಗಾಗಿ ಮೆತ್ತಗಾದವು. ಅಪ್ಪನ ಫೋನು ಕಾರಿನಲ್ಲಿ ಚಾರ್ಜಿಗೆ ಹಾಕಿದ್ದು ಆಗ ನೆನಪಾಯಿತು. ಎದ್ದೆ.

ಗಂಡಸರ ಬಚ್ಚಲಿನ ಬಾಗಿಲಲ್ಲಿ ನಿಂತು ಒಳಗೆ ಹೋಗುತ್ತಿದ್ದ ಹುಡುಗನೊಬ್ಬನನ್ನು ತಡೆದು, "ಒಳಗೆ ಹೋಗಿ ಅಪ್ಪಾ ಅಂತ ಒಂದು ಸಲ ಕೂಗ್ತೀಯಾ?" ಎಂದು ಕೇಳಿಕೊಂಡೆ. ಪಾಪ, ಒಳ್ಳೆಯ ಹುಡುಗ. ಒಳಗಿನಿಂದ "ಆಪಾ! ಆಪಾ!" ಎಂದು ಕೇಳಿಸಿತು. ಯಾರೋ ಗೊಳ್ಳೆಂದು ನಕ್ಕರು. ಹುಡುಗ ಬಂದು ತಲೆ ಅಲ್ಲಾಡಿಸಿದ. ಮುಂದಿನ ಬಚ್ಚಲು. ಅದರ ಮುಂದಿನದು. ಸ್ಟೇಡಿಯಮ್ಮಿನ ಒಳಸುತ್ತು ಪ್ರದಕ್ಷಿಣೆಯ ಹಾದಿ ಇದ್ದ ಹಾಗೆ, ನಡೆದಷ್ಟೂ ಅದೇ ಬಿಯರ್ ಅಂಗಡಿ, ಅದೇ ಟೋಪಿ ಅಂಗಡಿ, ಅದೇ ಕಂಬ, ಕಂಬದ ಮೇಲಿನ ನಂಬರು ಮಾತ್ರ ಬೇರೆ. ಆ ನಂಬರನ್ನು ನಾನು ಅಪ್ಪನಿಗೆ ಹೇಳಿಯೇ ಇರಲಿಲ್ಲ. ಚಿನ್ನಸ್ವಾಮಿಯಲ್ಲಾದರೆ ಜೇಬಿನ ಟಿಕೆಟ್ಟಿನಲ್ಲಿ ಸ್ಟ್ಯಾಂಡು, ಸಾಲು ಎಲ್ಲ ಅಚ್ಚಾಗಿರುತ್ತಿತ್ತು. ಇಲ್ಲಿ ಅವರ ಹತ್ತಿರ ತಾವು ಯಾರು, ಎಲ್ಲಿ ಕೂತಿದ್ದವರು ಅನ್ನುವುದಕ್ಕೆ ಒಂದು ಚೂರು ಕಾಗದವೂ ಇಲ್ಲ.

ಅಷ್ಟರಲ್ಲಿ ಅಮ್ಮನ ವಾಟ್ಸ್ಆ್ಯಪ್ ಕಾಲ್ ಬಂತು. ಊರಿನಲ್ಲಿ ಬೆಳಿಗ್ಗೆ ಆರು, ಹಾಲು ತಂದಿಟ್ಟು ಮಾಡುವ ಕಾಲು. ಎತ್ತದಿದ್ದರೆ ಗಾಬರಿಯಾಗುತ್ತಾಳೆ. ಎತ್ತಿದೆ.

"ಮ್ಯಾಚ್ ಹೇಗಿದ್ಯೇ? ಅಪ್ಪ ಏನ್ಮಾಡ್ತಿದಾರೆ?"

"ನೋಡ್ತಾ ಕೂತಿದಾರಮ್ಮ."

"ಕೊಡು ಒಂಚೂರು."

"ಗಲಾಟೆ, ಕೇಳಿಸಲ್ಲಮ್ಮ. ಆಮೇಲ್ ಮಾಡ್ತೀನಿ."

"ಬೀಪಿ ಮಾತ್ರೆ ತಗೊಂಡ್ರಾ?"

"ಹೂಂ."

ಮಾತ್ರೆ ನನ್ನ ಬ್ಯಾಗಿನಲ್ಲೇ ಇತ್ತು.

ಓಡಿ ಮತ್ತೆ ನಮ್ಮ ಸೆಕ್ಷನ್ನಿನ ಮೆಟ್ಟಿಲ ಮೇಲೆ ನಿಂತು ಸಾಲುಸಾಲಾಗಿ ಹುಡುಕಲು ಶುರು ಮಾಡಿದೆ. ಸರಿಯಾಗಿ ಆಗಲೇ ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಹಾಡುವ ಹೊತ್ತು ಬಂತು. ಸಾವಿರಾರು ಜನ ಒಟ್ಟಿಗೆ ಎದ್ದು ಹೆಗಲ ಮೇಲೆ ಕೈ ಹಾಕಿಕೊಂಡು ತೂಗಾಡುತ್ತಾ ಹಾಡುತ್ತಿದ್ದಾರೆ. ಐದಡಿ ನಾಲ್ಕಂಗುಲದ ಅಪ್ಪ ಅದರೊಳಗಿದ್ದರೂ ನನಗೆ ಕಾಣುವುದು ಹೇಗೆ? ಬೆನ್ನುಗಳು, ಬರೀ ಬೆನ್ನುಗಳು. ಷಿಕಾಗೋದಲ್ಲಿ ಇದೇ ಹಾಡಿಗೆ ನಾನೂ ತೂಗಾಡಿದ್ದೆ. ಈಗ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸುತ್ತೇನೆ.

ಹಾಡು ಮುಗಿದು ಜನ ಕೂತ ಮೇಲೆ ದೊಡ್ಡ ಪರದೆಯ ಮೇಲೊಂದು ಸಾಲು ಕಂಡಿತು, ಸಹಾಯ ಬೇಕಾದರೆ ಈ ನಂಬರಿಗೆ ಮೆಸೇಜು ಕಳಿಸಿ ಎಂದು. ಇಷ್ಟು ಹೊತ್ತು ಅದು ಅಲ್ಲೇ ಬಂದು ಹೋಗುತ್ತಿತ್ತೋ ಏನೋ. ನೀವು ಹೋದರೆ ಕೂತ ತಕ್ಷಣ ಈ ನಂಬರನ್ನು ಹುಡುಕಿ ಬರೆದಿಟ್ಟುಕೊಳ್ಳಿ. ನಾನು ಬರೆಯುವ ತಾಳ್ಮೆ ಇಲ್ಲದೆ ಸೀದಾ ಅವರ ಕೌಂಟರಿಗೆ ಓಡಿದೆ. ಅಲ್ಲಿದ್ದ ಹೆಂಗಸು, ಅಮ್ಮನ ವಯಸ್ಸಿನವಳು, ಗುರುತು ಕೇಳಿದಳು. ಬಿಳಿ ಅಂಗಿ, ಕಂಕುಳಲ್ಲಿ ಪ್ಯಾಡು, ಷಿಕಾಗೋ ತಂಡದ ನೀಲಿ ಟೋಪಿ. ಟೋಪಿ ಎಂದದ್ದೇ ಹುಬ್ಬೇರಿಸಿ ವಾಕಿಟಾಕಿಯಲ್ಲಿ ಏನೋ ಅಂದಳು. ಒಂದು ನಿಮಿಷದೊಳಗೆ ಗೇಟಿನಿಂದ ಉತ್ತರ ಬಂತು. ಆ ಊರಿನಲ್ಲಿ ಆ ಟೋಪಿ ಹಾಕಿದವರು ಹೆಚ್ಚಿರಲಿಲ್ಲ.

ಅಪ್ಪ ಹೊರಗೆ ಕೂತಿದ್ದರು.

ಆದದ್ದು ಇಷ್ಟು. ಬಚ್ಚಲಿನಿಂದ ವಾಪಸು ಬಂದಾಗ ಮೆಟ್ಟಿಲ ಬಳಿ ನಿಂತಿದ್ದವಳು ಟಿಕೆಟ್ ಕೇಳಿದಳಂತೆ. "ಮಗಳ ಫೋನಲ್ಲಿದೆ ಅಂದೆ. ಮಗಳೆಲ್ಲಿ ಅಂದ್ಲು. ತಿಂಡಿ ತರಕ್ಕೆ ಹೋಗಿದಾಳೆ ಅಂದೆ. ಹಾಗಾದ್ರೆ ಇಲ್ಲೇ ನಿಂತಿರಿ ಅಂದ್ಲು. ನಿಂತೆ. ಎಷ್ಟೊತ್ತಾದ ಮೇಲೆ ನೋಡಿದ್ರೆ ಅದು ನಮ್ಮ ಮೆಟ್ಲೇ ಅಲ್ಲ." ಆಮೇಲೆ ಇನ್ನೆರಡು ಕಡೆ ಹಾಗೇ ಆಯಿತು. ಕೊನೆಗೆ, ಮಗಳು ಹೇಗೂ ಕಾರಿನ ಹತ್ತಿರ ಬರುತ್ತಾಳೆ ಎಂದು ಗೇಟು ದಾಟಿದರು. ದಾಟಿದ ಮೇಲೆ ಕಾರು ಎಲ್ಲಿ ನಿಲ್ಲಿಸಿದ್ದೆವು ಎನ್ನುವುದೂ ತಿಳಿಯಲಿಲ್ಲ. ತಿರುಗಿ ಒಳಗೆ ಬರಲು ನೋಡಿದರೆ, ಒಮ್ಮೆ ಹೊರಗೆ ಹೋದವರಿಗೆ ಮತ್ತೆ ಪ್ರವೇಶವಿಲ್ಲ.

ಗೇಟಿನವನನ್ನು ಕೇಳಿದೆ, ಮಗಳು ಒಳಗಿದ್ದಾಳೆ ಎಂದು ಅವರು ನಿನಗೆ ಹೇಳಿದರಾ? ಹೇಳಿದರು ಮೇಡಂ, ಟಿಕೆಟ್ ಇರಲಿಲ್ಲ ಅಂದ. ಅರ್ಧ ಗಂಟೆಯಿಂದ ಹತ್ತು ಮಾರು ದೂರದಲ್ಲಿ ಒಬ್ಬ ಮುದುಕ ಒಂಟಿಯಾಗಿ ಕೂತಿದ್ದಾನೆ, ಇವನ ಸೊಂಟದಲ್ಲೇ ವಾಕಿಟಾಕಿ ಇದೆ. ಒಂದು ಸಲ ಒತ್ತಿ ಕೇಳಿದ್ದರೆ ಆಗುತ್ತಿರಲಿಲ್ಲವೇ? ನಿಯಮ ಅಂದ. ನಿಯಮ ನಿಯಮವೇ ಇರಲಿ, ಒಳಗೆ ಬಿಡಬೇಡ, ಕೇಳಬಾರದು ಎಂದೇನೂ ನಿಯಮವಿಲ್ಲವಲ್ಲ. ಇದನ್ನೆಲ್ಲ ನಾನು ಅವನಿಗೆ ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದೆ.

ಯಾವುದೋ ಹಳೆಯ ಆಟಗಾರನ ಕಂಚಿನ ಪ್ರತಿಮೆಯ ಕಟ್ಟೆಯ ಮೇಲೆ ಅಪ್ಪ ಕಾಲು ಇಳಿಬಿಟ್ಟು ಕೂತು ಪೆನ್ಸಿಲ್ ಆಡಿಸುತ್ತಿದ್ದರು. ನನ್ನನ್ನು ನೋಡಿ ಕೇಳಿದ್ದು, "ಈಗ ಎಷ್ಟನೇ ಇನ್ನಿಂಗ್ಸೇ?"

ನಾನು ಅಳುತ್ತಾ ಬೈದೆ. ನೀರು ಕುಡಿಸಿದೆ, ಮಾತ್ರೆ ಕೊಟ್ಟೆ. ಅವರು ಸುಮ್ಮನೆ ಬೈಸಿಕೊಂಡರು.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯಿಂದಲೇ ಒಂದು ಪ್ರಿಪೇಯ್ಡ್ ಸಿಮ್ ತಂದು ಹಾಕಿದೆ. ಚೀಟಿ ಬರೆದು ಅಂಗಿಯ ಜೇಬಿಗೆ ಸೇಫ್ಟಿ ಪಿನ್ನು ಚುಚ್ಚಿದೆ. "ನರ್ಸರಿ ಮಗೂನ ಮಾಡಿದ್ಯಲ್ಲೇ" ಅಂದರು. ಪಿನ್ನು ತೆಗೆಯಲಿಲ್ಲ.

ಪಿಟ್ಸ್‌ಬರ್ಗಿಗೆ ಎರಡು ಗಂಟೆ ಮುಂಚೆ ತಲುಪಿದೆವು. ಭದ್ರಾವತಿಯ ಕಬ್ಬಿಣದ ಮನುಷ್ಯನಿಗೆ ಉಕ್ಕಿನ ಊರು ನೋಡುವ ಆಸೆಯೇ ಈ ಪ್ರವಾಸದ ಮೂಲ ಎಂದು ಅಲ್ಲಿಗೆ ಹೋದ ಮೇಲೆ ನನಗೆ ಗೊತ್ತಾಯಿತು. ಆಟದ ದಿನ ನದಿಯ ಮೇಲಿನ ಹಳದಿ ಸೇತುವೆಗೆ ವಾಹನ ಬಿಡುವುದಿಲ್ಲ, ನಡೆದುಕೊಂಡೇ ಹೋಗಬಹುದು. ರೊಬೆರ್ತೊ ಕ್ಲೆಮೆಂಟೆ ಎಂಬ ಆಟಗಾರನ ಹೆಸರಿನ ಸೇತುವೆ ಅದು. ಭೂಕಂಪವಾದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಒಯ್ಯುವಾಗ 1972ರ ಡಿಸೆಂಬರ್ 31ರಂದು ವಿಮಾನ ಬಿದ್ದು ಸತ್ತವನು. ಅವನ ಅಂಗಿಯ ನಂಬರು 21, ಮೈದಾನದ ಬಲಗಡೆಯ ಗೋಡೆಯ ಎತ್ತರವೂ 21 ಅಡಿ. ಅಪ್ಪ ಸೇತುವೆಯ ತೊಲೆಗಳ ರಿವೆಟ್ಟಿನ ಮೇಲೆ ಕೈಯಾಡಿಸುತ್ತಾ ನಡೆದರು.

ಆಟ ಶುರುವಾಗುವ ಮೊದಲು ಸೀಟಿನಲ್ಲಿ ಕೂತು ಹಿಂದಿನ ಮ್ಯಾಚಿನ ಹಾಳೆ ತೆಗೆದರು. ಆಗ ನೋಡಿದೆ. ಐದರ ನಡುವಿನಿಂದ ಏಳರವರೆಗೆ ಅಂಕಣಗಳು ಖಾಲಿ ಇರಲಿಲ್ಲ. ಗೇಟಿನಾಚೆ ಕೂತು ಕೇಳಿಸಿದ್ದನ್ನೇ ಬರೆದಿದ್ದರು. "ಸಣ್ಣ ಕೂಗು." "ಸದ್ದಿಲ್ಲ." "ಎಲ್ಲರೂ ಅಯ್ಯೋ ಅಂದರು, ಕ್ಯಾಚ್ ಇರಬೇಕು." ಏಳರ ಎದುರು "ಹಾಡು". ಆರರ ಕೊನೆಯಲ್ಲಿ "ಭಾರಿ ಕೂಗು, ಹೋಮ್ ರನ್", ಕೆಳಗೆ ಗೆರೆ ಎಳೆದು.

ಫೋನಿನಲ್ಲಿ ಆ ಮ್ಯಾಚಿನ ಪಟ್ಟಿ ತೆಗೆದು ನೋಡಿದೆ. ಆರರಲ್ಲಿ ಒಂದೂ ರನ್ ಬಂದಿರಲಿಲ್ಲ. ಇನ್ನಿಂಗ್ಸುಗಳ ನಡುವೆ ಜನರತ್ತ ಟಿ ಶರ್ಟು ಎಸೆಯುತ್ತಾರೆ, ಅದಕ್ಕೆ ಕೂಗಿದ್ದಿರಬೇಕು ಅಂದೆ.

ಅಪ್ಪ ಜೇಬಿನಿಂದ ರಬ್ಬರು ತೆಗೆದು ಹೋಮ್ ರನ್ ಅಳಿಸಿದರು. ಪುಡಿಯನ್ನು ಊದಿ, ಆ ಜಾಗದಲ್ಲಿ "ಟಿ ಶರ್ಟು" ಎಂದು ಬರೆದರು.